ಸಂಘರ್ಷ ಯಾರ ನಡುವೆ?

ಕಳೆದ ಮಳೆಗಾಲದ ಒಂದು ಸಂಜೆ. ಕರೆಂಟು ಹೋಗಿತ್ತು. ಏಳನೇ ತರಗತಿಯ ನಮ್ಮ ಮಗಳು ನೋಟ್ ಪುಸ್ತಕ ಹಿಡಿದು ನಮ್ಮಿಬ್ಬರ ನಡುವೆ ಬಂದು ಕುಳಿತಳು. ಪಂಚತಂತ್ರದ ಸಿಂಹ ಮತ್ತು ಎತ್ತಿನ ಕಥೆಯನ್ನು ಓದಿ ಅದರ ಆರಂಭ, ಬೆಳವಣಿಗೆ, ಪರಾಕಾಷ್ಠೆ, ಮುಕ್ತಾಯಗಳನ್ನು ಗುರುತಿಸಬೇಕಿತ್ತು. ಕೊನೆಯ ಪ್ರಶ್ನೆ: ಈ ಕಥೆಯಲ್ಲಿ ಸಂಘರ್ಷ ಯಾರ ನಡುವೆ?

"ಸಿಂಹ ಮತ್ತು ಎತ್ತಿನ ನಡುವೆ ಎಂದು ಬರೆ" ಎಂದೆವು.

ಅವಳು ಬರೆಯಲಿಲ್ಲ. "ಎತ್ತು ಸಿಂಹಕ್ಕೆ ಏನು ಮಾಡಿತ್ತು?" ಎಂದು ಕೇಳಿದಳು.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಕಥೆಯನ್ನು ಮತ್ತೆ ಮೊದಲಿನಿಂದ ನೋಡಿದೆವು. ಯಮುನೆಯ ದಡದಲ್ಲಿ ಕಾಲು ಮುರಿದ ಸಂಜೀವಕನೆಂಬ ಎತ್ತನ್ನು ವ್ಯಾಪಾರಿ ಬಿಟ್ಟು ಹೋಗುತ್ತಾನೆ. ಅದು ಹುಲ್ಲು ಮೇಯ್ದು ಚೇತರಿಸಿಕೊಂಡು ಗಟ್ಟಿಯಾಗಿ ಕೂಗುತ್ತದೆ. ನೀರು ಕುಡಿಯಲು ಬಂದ ಪಿಂಗಳಕನೆಂಬ ಸಿಂಹ ಆ ಕೂಗಿಗೆ ಹೆದರುತ್ತದೆ. ದಮನಕನೆಂಬ ನರಿ ನಡುವೆ ನಿಂತು ಇಬ್ಬರ ಪರಿಚಯ ಮಾಡಿಸುತ್ತದೆ. ಸ್ನೇಹ ಎಷ್ಟು ಗಾಢವಾಗುತ್ತದೆಂದರೆ ಸಿಂಹ ಬೇಟೆಯನ್ನೇ ಮರೆಯುತ್ತದೆ. ಉಳಿದವರ ಹೊಟ್ಟೆಗೆ ಏನೂ ಇಲ್ಲದಾಗುತ್ತದೆ. ಆಗ ದಮನಕ ತಾನೇ ಕಟ್ಟಿದ್ದನ್ನು ತಾನೇ ಒಡೆಯಲು ಹೊರಡುತ್ತದೆ.

ಅದರ ಉಪಾಯವನ್ನು ಗಮನಿಸಬೇಕು. 'ಎತ್ತು ಕೊಂಬು ಸಜ್ಜುಮಾಡಿಕೊಂಡು ಬಂದರೆ ನನ್ನ ಮಾತು ನಿಜವೆಂದು ತಿಳಿ' ಎಂದು ಸಿಂಹಕ್ಕೆ ಹೇಳುತ್ತದೆ. 'ಸಿಂಹ ಕಿವಿ ನಿಮಿರಿಸಿ ದುರುಗುಟ್ಟಿ ನೋಡಿದರೆ ನಂಬು' ಎಂದು ಎತ್ತಿಗೆ ಹೇಳುತ್ತದೆ. ಇಬ್ಬರೂ ಆತ್ಮರಕ್ಷಣೆಗೆ ಸಿದ್ಧರಾಗಿ ಬರುತ್ತಾರೆ. ಒಬ್ಬರ ಭಯ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ. ಎತ್ತು ಸಾಯುತ್ತದೆ. 'ನೀನು ಹೀಗೆ ಹೇಳಿದೆಯಾ?' ಎಂಬ ಒಂದು ಪ್ರಶ್ನೆಯನ್ನು ಇಬ್ಬರಲ್ಲಿ ಯಾರೂ ಕೇಳಿರಲಿಲ್ಲ.

ಓದುತ್ತಾ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಿಟಕಿಯಾಚೆ ಬೇಲಿ ಇತ್ತು. ಬೇಲಿಯಾಚೆಯ ಮಾಸ್ತರರ ಮನೆಯೊಡನೆ ನಮ್ಮ ಮಾತುಕತೆ ನಿಂತು ನಾಲ್ಕು ವರ್ಷವಾಗಿತ್ತು. "ನೀವು ಊರಲ್ಲಿ ಇಲ್ಲದಾಗ ಅವರು ಗಡಿ ಅಳೆಯುತ್ತಿದ್ದಾರೆ, ಹಲಸಿನ ಮರ ತಮ್ಮದೆನ್ನುತ್ತಾರೆ" ಎಂದು ಪರಿಚಯದವರೊಬ್ಬರು ಹೇಳಿದ್ದರು. ಮರುವಾರವೇ ಮಾಸ್ತರರು ಟೇಪು ಹಿಡಿದು ಬೇಲಿಯ ಬಳಿ ನಿಂತದ್ದನ್ನು ನಾವು ಕಣ್ಣಾರೆ ಕಂಡೆವು. ನಾವೂ ಸರ್ವೆಯವರನ್ನು ಕರೆಸಿದೆವು. ಆ ನಡುವೆ ಅವರ ತಾಯಿ ತೀರಿಕೊಂಡರು. ನಮ್ಮ ಮಗಳನ್ನು ಎತ್ತಿ ಆಡಿಸಿದ ಜೀವ ಅದು. ಆದರೂ ನಾವು ಹೋಗಲಿಲ್ಲ.

ಈ ಕಥೆ ಬಹಳ ದೂರ ನಡೆದಿದೆ. ಆರನೇ ಶತಮಾನದಲ್ಲಿ ದೊರೆ ನೌಶೇರವಾನನ ವೈದ್ಯ ಬುರ್ಜೋಯ್ ಇದನ್ನು ಪಹ್ಲವಿ ಭಾಷೆಗೆ ಒಯ್ದರು. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅರಬಿಗೆ ತಂದರು. ಕರಟಕ, ದಮನಕರು ಕಲೀಲ, ದಿಮ್ನ ಆದರು. ಕನ್ನಡಕ್ಕೆ 1031ರ ಸುಮಾರಿಗೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡುವ ಮಂತ್ರಿ. ಸಂಸ್ಕೃತ ಕಥೆ ಮುಗಿಯುವಾಗ ದಮನಕ ಮಂತ್ರಿಯಾಗಿ ಸುಖವಾಗಿರುತ್ತದೆ. ಅರಬಿಯಲ್ಲಿ ಮಾತ್ರ ಮುಂದೊಂದು ಅಧ್ಯಾಯವಿದೆ: ದಿಮ್ನನ ವಿಚಾರಣೆ. ಅದನ್ನು ಇಬ್ನುಲ್ ಮುಕಫ್ಫಾ ಅವರೇ ಸೇರಿಸಿದರೆಂದು ವಿದ್ವಾಂಸರ ಅಭಿಪ್ರಾಯ. ನರಿಗಳ ರಾತ್ರಿಯ ಮಾತನ್ನು ಚಿರತೆ ಕದ್ದು ಕೇಳಿರುತ್ತದೆ. ಸೆರೆಮನೆಯಲ್ಲಿದ್ದ ಇನ್ನೊಂದು ಪ್ರಾಣಿಗೂ ಸತ್ಯ ಗೊತ್ತಿರುತ್ತದೆ. ಒಬ್ಬನ ಸಾಕ್ಷಿಯಿಂದ ತೀರ್ಪಾಗದೆಂದು ಅದು ಸುಮ್ಮನಿರುತ್ತದೆ. ಚಿರತೆ ಬಾಯಿಬಿಟ್ಟ ಮೇಲೆ ಅದೂ ಹೇಳುತ್ತದೆ. ಎರಡು ಸಾಕ್ಷಿಗಳು ಸೇರಿದಾಗ ದಿಮ್ನನಿಗೆ ಶಿಕ್ಷೆಯಾಗುತ್ತದೆ.

ಎತ್ತು ಮಾತ್ರ ಮರಳಿ ಬರುವುದಿಲ್ಲ.

ಮರುದಿನ ಸಂಜೆ ನಾವಿಬ್ಬರೂ ಬೇಲಿ ದಾಟಿದೆವು. ಮಾಸ್ತರರು ಬಾಗಿಲಲ್ಲೇ ತುಸು ಹೊತ್ತು ನಿಂತು, ನಂತರ "ಬನ್ನಿ" ಎಂದರು. ನಾವು ಕೇಳಿದೆವು. ಅವರ ಟೇಪು ಕೋಳಿಗೂಡು ಕಟ್ಟಿಸಲು ಜಾಗ ಅಳೆದದ್ದಂತೆ. "ನೀವು ಸರ್ವೆ ಮಾಡಿಸಿ ಕೇಸು ಹಾಕುತ್ತೀರಿ ಎಂದು ನಮಗೆ ಮೊದಲೇ ಸುದ್ದಿ ಬಂದಿತ್ತು. ಸರ್ವೆಯವರು ಬಂದದ್ದನ್ನು ಕಂಡು ನಂಬಿದೆವು" ಎಂದರು. ಸುದ್ದಿ ತಂದವರ ಹೆಸರನ್ನು ಅವರೂ ಹೇಳಿದರು, ನಾವೂ ಹೇಳಿದೆವು. ಒಂದೇ ಹೆಸರು. ಎರಡು ಸಾಕ್ಷಿಗಳು ಒಂದೇ ಜಗುಲಿಯಲ್ಲಿ ಕೂರಲು ನಾಲ್ಕು ವರ್ಷ ಬೇಕಾಯಿತು.

ಹಾಗೆಂದು ಎಲ್ಲ ತಪ್ಪನ್ನೂ ಆ ಮನುಷ್ಯನ ತಲೆಗೆ ಕಟ್ಟಲು ನಮಗೆ ಮನಸ್ಸಾಗುವುದಿಲ್ಲ. ಅವರು ಹೇಳಿದ್ದು ಎರಡು ಮಾತು ಮಾತ್ರ. ಉಳಿದುದನ್ನು ಕಟ್ಟಿ ಬೆಳೆಸಿದವರು ನಾವು. ಗೋಡೆಯ ಮೇಲೆ ಹಾರ ಹಾಕಿದ ಅಜ್ಜಿಯ ಚಿತ್ರದ ಕಡೆ ಅಂದು ನಮಗೆ ನೆಟ್ಟಗೆ ನೋಡಲಾಗಲಿಲ್ಲ.

ಮಗಳು ನೋಟ್ ಪುಸ್ತಕದಲ್ಲಿ ಕೊನೆಗೆ ಬರೆದದ್ದು ಇಷ್ಟು: "ಸಿಂಹಕ್ಕೂ ಎತ್ತಿಗೂ ಜಗಳ ಇರಲಿಲ್ಲ. ಅವರು ಕೇಳಲಿಲ್ಲ."

ಟೀಚರ್ ಅದಕ್ಕೆ ಅರ್ಧ ಅಂಕ ಕಡಿಮೆ ಕೊಟ್ಟರು. ನಾವು ಆಕ್ಷೇಪಿಸಲು ಹೋಗಲಿಲ್ಲ.