ಮುಟ್ಟುವ ಆಟ, ಹಿಡಿಯುವ ಆಟ

ಕಬಡ್ಡಿಯನ್ನೂ ಖೋ-ಖೋವನ್ನೂ ಒಂದೇ ಕಾಲದಲ್ಲಿ, ಒಂದೇ ಕಾಲೇಜಿನ ಪರವಾಗಿ ಆಡಿದವನ ಸುಖವು ಅವುಗಳಲ್ಲಿ ಒಂದನ್ನು ಮಾತ್ರ ಆಡಿದವನ ಸುಖದ ಇಮ್ಮಡಿಯೆಂದು ತಿಳಿಯಲಾಗದು. ಅದರ ಜಾತಿಯೇ ಬೇರೆ. ಹೊರಗೆ ನಿಂತು ನೋಡುವವರಿಗೆ ಇವೆರಡೂ ಒಡಹುಟ್ಟಿದ ಆಟಗಳೆಂದೇ ತೋರುತ್ತವೆ: ಚೆಂಡು ಬೇಡ, ದಾಂಡು ಬೇಡ, ಬಲೆ ಬೇಡ, ಹದವಾದ ನೆಲ, ಸುಣ್ಣದ ಗೆರೆ, ಖೋ-ಖೋಗಾದರೆ ಎರಡು ಕಂಬ, ಇಷ್ಟಿದ್ದರೆ ಸಾಕು. ಆದರೆ ಒಂದು ಆಟವು ಯಾವುದನ್ನು ಆಟಗಾರನಿಂದ ಬಯಸುವುದೋ ಅದನ್ನೇ ಇನ್ನೊಂದು ನಿಷೇಧಿಸುತ್ತದೆಂಬುದನ್ನು ಒಳಹೊಕ್ಕು ಆಡಿದವನೇ ಬಲ್ಲನು. ಕಬಡ್ಡಿಯಲ್ಲಿ ಸಿಕ್ಕವನನ್ನು ಬಿಡಬಾರದು. ಖೋ-ಖೋದಲ್ಲಿ ಸಿಕ್ಕವನನ್ನು ಹಿಡಿಯಬೇಕಾದುದೇ ಇಲ್ಲ, ಅಂಗೈ ಸೋಕಿದರೆ ಸಾಕು. ಅಲ್ಲಿ ದಾಳಿಗೆ ಹೋದವನು ಏಕಾಕಿ, ಅವನನ್ನು ಮರಳಿ ತರುವುದು ಅವನ ಉಸಿರೊಂದೇ. ಇಲ್ಲಿ ಬೆನ್ನಟ್ಟುವವನು ತನ್ನ ಓಟವನ್ನು ಭರದ ನಡುವೆಯೇ ಬೇರೊಬ್ಬನಿಗೆ ಒಪ್ಪಿಸಿ ತಾನು ಕುಳಿತುಕೊಳ್ಳಬೇಕು. ಈ ವೈರುದ್ಧ್ಯವೇ ನನ್ನನ್ನು ಎರಡಕ್ಕೂ ಕಟ್ಟಿಹಾಕಿತು.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಪದವಿ ವ್ಯಾಸಂಗಕ್ಕೆಂದು ಕೊಪ್ಪಳಕ್ಕೆ ಬಂದುದು ಎಂಬತ್ತರ ದಶಕದಲ್ಲಿ. ಕೊಪ್ಪಳವು ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಕೂಡಿಸಿಕೊಂಡು ಅದು ತಾನೇ ಜಿಲ್ಲೆಯಾದುದು 1997ರಲ್ಲಿ. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ನಾವು ಸೇರಿದ್ದೆವಾದ್ದರಿಂದ ಅಂತರ-ಕಾಲೇಜು ಪಂದ್ಯಗಳ ದಿನಗಳು ಬಂದವೆಂದರೆ ರಾಯಚೂರಿಗೋ ಬಳ್ಳಾರಿಗೋ ಕೆಂಪು ಬಸ್ಸಿನಲ್ಲಿ ನಿಂತೇ ಪ್ರಯಾಣ. ಆಟ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ.

ನಮ್ಮ ನಾಲ್ಕು ತಾಲ್ಲೂಕುಗಳ ನೆಲದ ವಿಚಾರವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬರಿಗಾಲಿನ ಆಟದಲ್ಲಿ ನೆಲವೂ ಒಬ್ಬ ಆಟಗಾರನೇ. ಕುಷ್ಟಗಿ, ಯಲಬುರ್ಗಾಗಳದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಬೇಸಾಯದ ಸೀಮೆ. ಅಲ್ಲಿಯ ಕೆಂಪು ಮಸಾರಿ ಮಣ್ಣು ಅಗೆದು ನೀರುಣಿಸಿದರೆ ಕೈಗೆ ಹಿತವಾಗಿ ಬರುತ್ತದೆ, ಬಿದ್ದವನನ್ನು ತಡೆದುಕೊಳ್ಳುತ್ತದೆ. ಎರೆ ನೆಲದ ಸ್ವಭಾವ ಬೇರೆ: ಬೇಸಗೆಯಲ್ಲಿ ಪಾದ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಹೆಜ್ಜೆಗೊಮ್ಮೆ ಅಂಗಾಲಿಗೆ ಅಂಟಿ ಮೇಲೇಳುವ ರಾಡಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿಯ ಕಡೆಗೆ ಆಡಹೋದಾಗ ನಾವು ಮೊದಲು ನೋಡುತ್ತಿದ್ದುದು ಎದುರಾಳಿಗಳನ್ನಲ್ಲ, ಮಣ್ಣನ್ನು. ಕಬಡ್ಡಿಗೆ ನೆಲ ಮೆತ್ತಗಿರಬೇಕು, ಖೋ-ಖೋಗೆ ಗಟ್ಟಿಯಿರಬೇಕು. ಆದಕಾರಣ ಕಾಲೇಜಿನ ಮೈದಾನದ ಒಂದು ಮಗ್ಗುಲನ್ನು ಅಗೆದು, ಮಣ್ಣನ್ನು ಜರಡಿ ಹಿಡಿದು ಹರಳು ಆರಿಸಿ, ಉಸುಕು ಬೆರೆಸಿ ಸಡಿಲಗೊಳಿಸುತ್ತಿದ್ದ ನಾವೇ, ಇನ್ನೊಂದು ಮಗ್ಗುಲಿಗೆ ಸಂಜೆ ನೀರು ಚಿಮುಕಿಸಿ ಮರುದಿನ ನಸುಕಿನಲ್ಲಿ ಕಲ್ಲಿನ ರೋಲು ಎಳೆದು ಬಿಗಿಗೊಳಿಸುತ್ತಿದ್ದೆವು. ಆ ಕೆಲಸವನ್ನು ನಾನು ಆಟದಷ್ಟೇ ಪ್ರೀತಿಸಿದೆನು.

ಕಬಡ್ಡಿಯಲ್ಲಿ ನನ್ನದು ಎಡಮೂಲೆ. ರೈಡಿಗೆ ಬಂದವನ ಕಣ್ಣನ್ನು ನೋಡಬಾರದೆಂಬುದು ಮೂಲೆಯವನು ಕಲಿಯುವ ಪ್ರಥಮ ಪಾಠ. ಕಣ್ಣು ಸುಳ್ಳಾಡಬಲ್ಲದು, ಭುಜವೂ ಸುಳ್ಳಾಡಬಲ್ಲದು, ಹಿಮ್ಮಡಿಗೆ ಮಾತ್ರ ಸುಳ್ಳು ಬಾರದು. ಅವನು ಕಾಲು ಚಾಚಿ ನಮ್ಮವರಲ್ಲೊಬ್ಬನನ್ನು ಸೋಕಲು ಬರುತ್ತಾನೆ. ಚಾಚಿದ ಕಾಲಿನ ಮೇಲೆ ಅವನ ಭಾರವಿಲ್ಲ, ಭಾರವೆಲ್ಲ ಹಿಂದಿನ ಕಾಲಿನ ಮೇಲೆ. ಮುಂದಿನ ಹೆಬ್ಬೆರಳು ನೆಲವನ್ನು ತಾಗಿ ಮರಳಿ ಸೆಳೆದುಕೊಳ್ಳುವ ಮೊದಲಿನ ಆ ಕ್ಷಣಾರ್ಧದಲ್ಲಿ, ಮೊಳಕಾಲೂರದೆ ಮೈಯನ್ನು ಕೆಳಗಿಳಿಸಿ, ಒಂದು ಕೈಯನ್ನು ಹಿಮ್ಮಡಿಯ ಹಿಂದಕ್ಕೂ ಇನ್ನೊಂದನ್ನು ಪಾದದ ಮೇಲಕ್ಕೂ ಕಳುಹಿಸಿ, ಗಿಣ್ಣನ್ನು ಎದೆಗೆ ಅವಚಿಕೊಳ್ಳಬೇಕು. ಅನಂತರ ಎಳೆಯುವುದು ಬೇಡ, ಎತ್ತಿದರೆ ಸಾಕು; ನಿಂತವನ ಬಲವೆಲ್ಲ ನೆಲದಿಂದ ಬರುವುದಾದ್ದರಿಂದ ನೆಲ ತಪ್ಪಿದೊಡನೆ ಅವನು ಅರ್ಧ ಸೋತನು. ಉಳಿದರ್ಧವನ್ನು ನನ್ನ ಕೈ ಹಿಡಿದು ನಿಂತಿದ್ದ ಜೊತೆಗಾರನು ಮುಗಿಸುತ್ತಿದ್ದನು. ‘ಕಬಡ್ಡಿ, ಕಬಡ್ಡಿ’ ಎಂಬ ದನಿ ತುಂಡಾದುದು ಕೇಳಿದ ಮೇಲೆಯೇ ನಮ್ಮ ಹಿಡಿತ ಸಡಿಲುತ್ತಿದ್ದುದು.

ಖೋ-ಖೋದ ಸೊಬಗಿರುವುದು ಓಟದಲ್ಲಿ ಎಂದು ಜನ ಭಾವಿಸುತ್ತಾರೆ. ನನಗೆ ಕಂಡಂತೆ ಅದು ಕುಳಿತಿರುವುದರಲ್ಲಿದೆ. ನಡುಗೆರೆಯ ಚೌಕಗಳಲ್ಲಿ ಎಂಟು ಮಂದಿ, ಒಬ್ಬನು ಪೂರ್ವಕ್ಕೆ ಮುಖಮಾಡಿದರೆ ಪಕ್ಕದವನು ಪಶ್ಚಿಮಕ್ಕೆ, ಬೆರಳ ತುದಿಗಳನ್ನು ನೆಲಕ್ಕೂರಿ, ಪಾದಗಳನ್ನು ಮೈಯಡಿಗೆ ಸೆಳೆದುಕೊಂಡು ಕುಳಿತಿರುತ್ತಾರೆ. ಒಂಬತ್ತನೆಯವನು ಬೆನ್ನಟ್ಟುತ್ತಿದ್ದಾನೆ. ಓಡುವವನು ಕುಳಿತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಬೆನ್ನಟ್ಟುವವನು ನುಸುಳುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ. ಅಷ್ಟು ಕಟ್ಟುಪಾಡಿನ ಎದುರು ಅವನಿಗಿರುವ ಆಯುಧ ಒಂದೇ, ಕುಳಿತವನಿಗೆ ಖೋ ಕೊಡುವುದು. ಕುಳಿತವನಾದರೋ ತನ್ನ ಹಿಂದೆ ನಡೆಯುತ್ತಿರುವುದನ್ನು ಕಾಣಲಾರನು. ಹೆಜ್ಜೆಗಳ ಸದ್ದಿನಿಂದ, ಪಕ್ಕದಲ್ಲಿ ಕುಳಿತ ಗೆಳೆಯರ ಮುಖಭಾವದಿಂದ ಅದನ್ನು ಊಹಿಸುತ್ತ, ಏಳಲು ಸರ್ವಸನ್ನದ್ಧನಾಗಿದ್ದೂ ಏಳದಿರಬೇಕು. ಖೋ ಕೊಟ್ಟವನು ತನ್ನ ವೇಗದ ವ್ಯಾಮೋಹವನ್ನು ತೊರೆದು ಆ ಚೌಕದಲ್ಲೇ ಕುಳಿತು ಬಿಡಬೇಕು. ನಮ್ಮ ದೈಹಿಕ ಶಿಕ್ಷಣದ ಸರ್ ಅದನ್ನು ಹೇಳಿಕೊಡುತ್ತಿದ್ದ ಬಗೆ ಹೀಗೆ: “ತಮ್ಮಾ, ಕೈ ಬೆನ್ನಿಗೆ ತಾಗೂದೂ ಬಾಯಾಗ ಖೋ ಬರೂದೂ ಒಂದ ಆಗಬೇಕು. ಕೊಟ್ಟ ಮ್ಯಾಲೆ ಆ ಓಟ ನಿಂದಲ್ಲ, ಅಂವಂದು. ಪಟ್ಟನ ಕುಂದರು.”

ಬೆಳಿಗ್ಗೆ ಹಿಡಿಯುವುದನ್ನು ಕಲಿತ ಕೈಗೆ ಸಂಜೆ ಬರಿದೆ ಸೋಕುವುದನ್ನು ಕಲಿಸುವುದು ಸುಲಭಸಾಧ್ಯವಲ್ಲ. ಕಬಡ್ಡಿಯ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳಬಯಸುತ್ತವೆ, ಮಡಿಚಿದ ಬೆರಳಿಗಿಂತ ಚಾಚಿದ ಅಂಗೈ ಗೇಣುದ್ದ ಮುಂದೆ ಮುಟ್ಟುತ್ತದೆ, ಖೋ-ಖೋದಲ್ಲಿ ಆ ಗೇಣೇ ಸರ್ವಸ್ವ. ಆದರೆ ಪ್ರತಿಫಲವೂ ಉಂಟು. ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನೆಲ್ಲ ಹೊರಕ್ಕೆ ವಾಲಿಸಿ, ಓಟದ ವೇಗ ಕೆಡದಂತೆ ತಿರುಗುವುದನ್ನು ಅಭ್ಯಾಸಮಾಡಿದವನು ಕಬಡ್ಡಿಯ ರೈಡಿನಲ್ಲಿ ಮೂಲೆಯವನ ಕೈಯಿಂದ ನುಣುಚಿಕೊಂಡು ನಡುಗೆರೆಗೆ ತಿರುಗುವ ತಿರುಗನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಹಾಗೆಯೇ ಕಬಡ್ಡಿಯಲ್ಲಿ ನಡು ಬಗ್ಗಿಸಿ ನಿಂತು ನಿಂತು ಬಲಿತ ತೊಡೆಗಳು ಖೋ-ಖೋದ ಚೌಕದಿಂದ ಒಮ್ಮೆಲೇ ಚಿಮ್ಮಿ ಏಳುವುದಕ್ಕೆ ಒದಗಿಬರುತ್ತವೆ. ಒಂದರ ಅಭ್ಯಾಸ ಇನ್ನೊಂದನ್ನು ಕೆಡಿಸುತ್ತದೆಂದು ಹಿತೈಷಿಗಳು ಅನೇಕರು ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಚಳಿಗಾಲಕ್ಕೆ ಬಾಸ್ಕೆಟ್‌ಬಾಲ್, ವಸಂತಕ್ಕೆ ಬೇಸ್‌ಬಾಲ್ ಎಂದು ಋತುಗಳೇ ಆಟಗಳನ್ನು ಹಂಚಿಕೊಂಡಿರುವುದರಿಂದ ಎರಡನ್ನೂ ಆಡಿದ ವಿದ್ಯಾರ್ಥಿಗಳು ಅಲ್ಲಿ ಬಹುಮಂದಿ ಆಗಿಹೋಗಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಓದುತ್ತಿದ್ದ ಜಾಕಿ ರಾಬಿನ್ಸನ್ ಇವೆರಡರ ಜೊತೆಗೆ ಅಮೆರಿಕನ್ ಫುಟ್‌ಬಾಲನ್ನೂ ಓಟ-ಜಿಗಿತಗಳನ್ನೂ ಸೇರಿಸಿ ನಾಲ್ಕರಲ್ಲಿ ವಿಶ್ವವಿದ್ಯಾಲಯದ ಗೌರವ ಪಡೆದನು. ಆ ನಾಲ್ಕರಲ್ಲಿ ಅವನ ಅತಿ ದುರ್ಬಲ ಆಟ ಬೇಸ್‌ಬಾಲ್ ಆಗಿದ್ದಿತು. 1947ರಲ್ಲಿ ಬ್ರೂಕ್ಲಿನ್ ತಂಡದ ಪರವಾಗಿ ಆಡಿ, ಕಪ್ಪು ಜನರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಮೇಜರ್ ಲೀಗಿನ ಬಾಗಿಲನ್ನು ಅವನು ತೆರೆದುದು ಆ ಆಟದಿಂದಲೇ. ವಿದ್ಯಾರ್ಥಿದೆಸೆಯಲ್ಲಿ ಒಂದನ್ನಾರಿಸಿ ಮೂರನ್ನು ಬಿಡೆಂದು ಯಾರಾದರೂ ಅವನಿಗೆ ಬುದ್ಧಿ ಹೇಳಿ ಆ ಮಾತು ನಡೆದಿದ್ದರೆ ಮೊದಲು ಬಿಟ್ಟುಹೋಗುತ್ತಿದ್ದುದು ಯಾವುದೆಂದು ಯೋಚಿಸಬೇಕು. ನಮ್ಮಲ್ಲಿ ಮದರಾಸಿನ ಎಂ. ಜೆ. ಗೋಪಾಲನ್ ಕ್ರಿಕೆಟ್ಟಿನಲ್ಲಿಯೂ ಹಾಕಿಯಲ್ಲಿಯೂ ಭಾರತಕ್ಕೆ ಆಡಿದವರು. 1936ರಲ್ಲಿ ಎರಡು ಹಡಗುಗಳು ಅವರೆದುರು ನಿಂತವು: ಒಂದು ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸಕ್ಕೆ, ಇನ್ನೊಂದು ಬರ್ಲಿನ್ ಒಲಿಂಪಿಕ್ಸಿಗೆ. ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಒಂದು ಟೆಸ್ಟನ್ನೂ ಆಡಲು ದೊರೆಯಲಿಲ್ಲ. ಬರ್ಲಿನ್ನಿನಲ್ಲಿ ಧ್ಯಾನಚಂದರ ತಂಡ ಸ್ವರ್ಣ ಗೆದ್ದಿತು. ಈ ವೃತ್ತಾಂತವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆ ಹಿರಿಯರಿಗಾಗಿ ಮರುಗುತ್ತದೆ. ಅದೇ ಬರ್ಲಿನ್ನಿನಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ನಮ್ಮ ಕಬಡ್ಡಿಯನ್ನು ಪ್ರದರ್ಶಿಸಿ ಬಂದರು.

ಈಗ ಎರಡೂ ಆಟಗಳು ಮಣ್ಣಿನಿಂದ ಮ್ಯಾಟಿಗೆ ಏರಿವೆ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಸ್ಥಾನ ದೊರೆಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು, ಆ ತಂಡಗಳಲ್ಲಿ ನಮ್ಮ ಎಂ. ಕೆ. ಗೌತಮರೂ ತಿ. ನರಸೀಪುರ ಸೀಮೆಯ ಚೈತ್ರಾ ಅವರೂ ಇದ್ದರು. ಹರ್ಷಪಡಬೇಕಾದ ಸಂಗತಿಗಳೇ ಇವೆಲ್ಲ. ಆದರೆ ಕೀರ್ತಿಯೊಡನೆ ಎಳೆಯರಿಗೆ ಅವಸರವೂ ಬಂದಿದೆ. ಹದಿನಾರನೆಯ ವಯಸ್ಸಿಗೇ ಒಂದನ್ನು ಆರಿಸಿಕೊಂಡು ಇನ್ನೊಂದರ ಕಡೆ ತಿರುಗಿಯೂ ನೋಡದ ಹುಡುಗರನ್ನು ಕಂಡು ನನಗೆ ವ್ಯಥೆಯಾಗುತ್ತದೆ.

ನನ್ನ ತಮ್ಮನ ಮಗನು ಕೊಪ್ಪಳದಲ್ಲಿಯೇ ಪದವಿ ಓದುತ್ತ ಕಬಡ್ಡಿ ಆಡುತ್ತಾನೆ. “ದೊಡ್ಡಪ್ಪಾರ, ಎರಡೂ ಆಡಿದ್ರ ಎರಡೂ ಕೆಡ್ತಾವಂತ” ಎಂದು ಅವನು ಹೇಳಿದಾಗ ನಾನು ವಾದಿಸಲು ಹೋಗದೆ, ಜಿಲ್ಲಾ ಕ್ರೀಡಾಂಗಣಕ್ಕೆ ಕರೆದೊಯ್ದು ಖೋ-ಖೋ ಕಂಬದ ತಿರುಗನ್ನು ಅಭ್ಯಾಸಮಾಡಿಸಿದೆನು. ಕೆಲವು ವಾರಗಳಲ್ಲಿ ಅವನ ರೈಡಿಗೆ ಎಡಗಡೆಯ ತಿರುಗು ಕೂಡಿಕೊಂಡಿತು. ಈ ವರ್ಷ ಎರಡೂ ತಂಡಗಳ ಆಯ್ಕೆಗೆ ಅವನು ಹೆಸರು ಕೊಟ್ಟಿದ್ದಾನೆ. ಖೋ-ಖೋದ ಆಯ್ಕೆ ಮೊದಲು ನಡೆಯಲಿದೆ.