ನಮ್ಮದು ಯಾವುದು, ಅವರದು ಯಾವುದು

ನಮ್ಮ ಮನೆಯ ಟ್ರಂಕಿನಲ್ಲಿ ಮೂರು ಟಿ.ಸಿ.ಗಳಿವೆ. ನನ್ನದರಲ್ಲಿ ಹರಪನಹಳ್ಳಿ, ಬಳ್ಳಾರಿ ಜಿಲ್ಲೆ. ತಮ್ಮನದರಲ್ಲಿ ಹರಪನಹಳ್ಳಿ, ದಾವಣಗೆರೆ ಜಿಲ್ಲೆ. ಅವನ ಮಗಳದರಲ್ಲಿ ವಿಜಯನಗರ ಜಿಲ್ಲೆ. ಮನೆ ಮಾತ್ರ ಇದ್ದಲ್ಲೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮನ್ನು ಅತ್ತ ಸೇರಿಸಿದರು. ಸಂವಿಧಾನದ 371ಜೆ ವಿಧಿಯ ವಿಶೇಷ ಸವಲತ್ತು ಬಳ್ಳಾರಿಗೆ ದೊರೆತು ನಮಗೆ ದೊರೆಯದೆ ಹೋದಾಗ ಹೋರಾಟ ನಡೆದು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ವಿಜಯನಗರ ಹುಟ್ಟಿತು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವರು ಬಳ್ಳಾರಿಯಿಂದ ನೆಟ್ಟಗೆ ವಿಜಯನಗರಕ್ಕೆ ಬಂದ ಪುಣ್ಯವಂತರು. ಕೊಟ್ಟೂರಿನದು ಬೇರೆ ಕಥೆ: ಕೂಡ್ಲಿಗಿ ತಾಲ್ಲೂಕಿನೊಳಗಿದ್ದದ್ದು ಈಗ ಅದೇ ಒಂದು ತಾಲ್ಲೂಕು.

ಹೊಟ್ಟೆಪಾಡಿಗೆ ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ಅಲ್ಲಿ ಗಿಟ್ ಎಂಬುದೊಂದಿದೆ. ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಯಾವ ಸಾಲು ತಿದ್ದಿದರು ಎಂಬುದನ್ನೆಲ್ಲ ಅದು ಕಾಯ್ದಿಡುತ್ತದೆ; ಹಾಗೆ ಕಾಯ್ದಿಟ್ಟ ಒಂದೊಂದು ತಿದ್ದುಪಡಿಯೂ ಒಂದು ಕಮಿಟ್. ಕೆಲಸವನ್ನು ಕವಲೊಡೆಸಬಹುದು, ಕವಲನ್ನು ಕೂಡಿಸಬಹುದು (ಮರ್ಜ್), ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡಬಹುದು (ರೀಬೇಸ್). ಹರಪನಹಳ್ಳಿಯವನಿಗೆ ಇದೇನು ಹೊಸ ವಿದ್ಯೆಯಲ್ಲ.

ಆದರೆ ಕಮ್ಯಾಂಡಿನ ಬಾಲಕ್ಕೆ ಹಚ್ಚುವ ಅದರ ಆಪ್ಷನ್‌ಗಳು! ಅಕ್ಕನ ಮಗ ಕೊಟ್ಟೂರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ದುಡಿಯುತ್ತಾನೆ. ಒಂದು ರಾತ್ರಿ ಫೋನ್ ಬಂತು.

"ಮಾವಾ, ಕಾನ್‌ಫ್ಲಿಕ್ಟ್ ಬಂದೈತಿ. ನಂದು ಉಳಸ್ಕಬೇಕಂತ ‘--ಔರ್ಸ್’ ಕೊಟ್ಟೆ. ನಂದೆಲ್ಲ ಹೋಗಿ ಅವ್ರದು ಬಂದು ಕುಂತೈತಿ."

"ರೀಬೇಸ್ ಮಾಡಾಕತ್ತೀಯೇನು?"

"ಹೂಂ."

"ಹಂಗಾದ್ರ ‘--ದೇರ್ಸ್’ ಕೊಡು."

"ನಂದಕ್ಕ ದೇರ್ಸಾ?"

ಹುಡುಗನ ದನಿಯಲ್ಲಿದ್ದದ್ದು ಅನುಮಾನವಲ್ಲ, ಅವಮಾನ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಯಾರದನ್ನು ಉಳಿಸಬೇಕೆಂದು ಗಿಟ್ ಕೇಳುತ್ತದೆ; ಅದೇ ಕಾನ್‌ಫ್ಲಿಕ್ಟ್. ಮರ್ಜ್ ಮಾಡುವಾಗ ನಾವು ನಮ್ಮ ಕವಲಿನ ಮೇಲೆ ನಿಂತು ಬೇರೆಯವರ ಬರಹವನ್ನು ಒಳಗೆ ಕರೆಯುತ್ತೇವೆ. ಆಗ ಔರ್ಸ್ ಎಂದರೆ ನಮ್ಮದೇ. ರೀಬೇಸ್‌ನಲ್ಲಿ ಗಿಟ್ ಮೊದಲು ಆ ಕಡೆಯವರ ಕವಲಿಗೆ ಹೋಗಿ ನಿಂತು, ಆಮೇಲೆ ನಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಕೂರಿಸುತ್ತದೆ. ನಿಂತ ನೆಲ ಔರ್ಸ್. ಹೊರಗಿನಿಂದ ಬರುತ್ತಿರುವುದು, ಅಂದರೆ ನಾವು ನಿದ್ದೆಗೆಟ್ಟು ಬರೆದದ್ದು, ದೇರ್ಸ್. "ನಾವು ದಾವಣಗೆರೆಗೆ ಸೇರಿದ ಮ್ಯಾಲೆ ಬಳ್ಳಾರಿಯಿಂದ ಬಂದ ನಮ್ಮ ಫೈಲು ಅಲ್ಲಿಯೋರಿಗೆ ಹೊರಗಿಂದೇ ಅಲ್ಲೇನೋ" ಎಂದೆ. ತಕ್ಷಣ ತಿಳಿಯಿತು ಅವನಿಗೆ. ಕೈಪಿಡಿಯಲ್ಲೂ ಈ ಅದಲುಬದಲಿನ ಎಚ್ಚರಿಕೆ ಇದೆ. ಆದರೆ ಕಾನ್‌ಫ್ಲಿಕ್ಟ್ ಬಂದ ಹೊತ್ತಿನಲ್ಲಿ ಕೈಪಿಡಿ ಓದುವಷ್ಟು ಸ್ಥಿತಪ್ರಜ್ಞರು ನಮ್ಮ ಕಸುಬಿನಲ್ಲಿ ಕಮ್ಮಿ.

ಇದಕ್ಕಿಂತ ಮೋಸದ್ದು ‘-ಎನ್’. ಪುಶ್, ಆಡ್, ಕ್ಲೀನ್ ಎಂಬ ಕಮ್ಯಾಂಡುಗಳ ಜೊತೆ ‘-ಎನ್’ ಹಾಕಿದರೆ ಗಿಟ್ ಏನನ್ನೂ ಮುಟ್ಟದೆ, ಏನೇನು ಮಾಡುತ್ತಿದ್ದೆ ಎಂದಷ್ಟೇ ತೋರಿಸುತ್ತದೆ. ಆ ನಂಬಿಕೆಯ ಮೇಲೆ ಕಮಿಟ್‌ಗೂ ‘-ಎನ್’ ಹಾಕಿದಿರೋ, ಕಮಿಟ್ ನಿಜವಾಗಿಯೇ ಆಗುತ್ತದೆ. ಅದಕ್ಕೂ ಮುಂಚೆ ನಡೆಯಬೇಕಾದ ತಪಾಸಣೆಗಳನ್ನು ಹಾರಿಸಿ ಆಗುತ್ತದೆ! ಲಾಗ್ ಜೊತೆ ಅದೇ ‘-ಎನ್’ ಎಷ್ಟು ಕಮಿಟ್ ತೋರಿಸಬೇಕೆಂಬ ಲೆಕ್ಕ. ಚೆರ್ರಿ-ಪಿಕ್ ಜೊತೆ, ತಿದ್ದುಪಡಿ ತಂದು ಹಾಕು, ಕಮಿಟ್ ಮಾತ್ರ ಮಾಡಬೇಡ ಎಂದು. ಇನ್ನು ‘ರೀಸೆಟ್ --ಹಾರ್ಡ್’ ವಿಷಯ ಎತ್ತುವುದೇ ಬೇಡ. ಕಮಿಟ್ ಆಗದ ಕೆಲಸವನ್ನು ಅದು ಮರುಮಾತಿಲ್ಲದೆ ಅಳಿಸುತ್ತದೆ.

ಹೀಗೇಕೆ ಎಂದರೆ ಗಿಟ್ ಹುಟ್ಟಿದ ರೀತಿಯೇ ಹಾಗೆ. ಲಿನಕ್ಸ್ ಕರ್ನೆಲ್‌ನವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನ ಬಳಸುತ್ತಿದ್ದರು. 2005ರಲ್ಲಿ ಅದರ ಪುಕ್ಕಟೆ ಪರವಾನಗಿ ನಿಂತುಹೋಯಿತು. ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ತಾವೇ ಒಂದನ್ನು ಬರೆಯಲು ಕೂತರು; ಜುಲೈ ಹೊತ್ತಿಗೆ ಜೂನಿಯೋ ಹಮಾನೋ ಅವರಿಗೆ ಒಪ್ಪಿಸಿ ಕೈತೊಳೆದುಕೊಂಡರು. ಶುರುವಿನಲ್ಲಿ ಅದು ಒಂದೇ ಸಾಧನವಲ್ಲ, ಸಣ್ಣ ಸಣ್ಣ ಪ್ರೋಗ್ರಾಮುಗಳ ಗುಂಪು. ಮೇಲೆ ಒಬ್ಬೊಬ್ಬರು ಒಂದೊಂದು ಸ್ಕ್ರಿಪ್ಟ್ ಬರೆದು ಸೇರಿಸಿದರು. ತಮ್ಮ ಕಮ್ಯಾಂಡಿಗೆ ಬೇಕಾದ ಅಕ್ಷರವನ್ನು ಪ್ರತಿಯೊಬ್ಬರೂ ಹಿಡಿದುಕೊಂಡರು. ಬರೆದವರಿಗೆ ಒಳಗಿನ ಯಂತ್ರ ಗೊತ್ತಿತ್ತು, ಅದರ ಭಾಗಗಳಿಗೇ ಹೆಸರಿಟ್ಟರು. ಹೊರಗೆ ನಿಂತವನ ಪ್ರಶ್ನೆ ಮಾತ್ರ ಬೇರೆ: ನನ್ನ ಬರಹ ಉಳಿಯುತ್ತದೋ ಇಲ್ಲವೋ? ಅದಕ್ಕೆ ನೇರ ಉತ್ತರ ಕೊಡುವ ಆಪ್ಷನ್ ಗಿಟ್‌ನಲ್ಲಿ ವಿರಳ ಎಂಬುದು ನನ್ನ ತಕರಾರು.

ಒಮ್ಮೆ ಸರಿಪಡಿಸಲು ಹೊರಟದ್ದೂ ಉಂಟು. ಚೆಕ್‌ಔಟ್ ಎಂಬ ಕಮ್ಯಾಂಡಿಗೆ ಕವಲಿನ ಹೆಸರು ಕೊಟ್ಟರೆ ಅಲ್ಲಿಗೆ ಹೋಗುತ್ತದೆ. ಫೈಲಿನ ಹೆಸರು ಕೊಟ್ಟರೆ ಅದರಲ್ಲಿ ನೀವು ತಿದ್ದಿದ್ದನ್ನೆಲ್ಲ ಒರೆಸಿ ಹಾಕುತ್ತದೆ. ಕವಲಿಗೂ ಫೈಲಿಗೂ ಒಂದೇ ಹೆಸರಿದ್ದರೆ ನಡುವೆ ಎರಡು ಅಡ್ಡಗೆರೆ ಎಳೆದು, ನಾನು ಹೇಳುತ್ತಿರುವುದು ಫೈಲು ಕಣಪ್ಪಾ ಎಂದು ಬಿಡಿಸಿ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಬಂದ 2.23ನೇ ಆವೃತ್ತಿಯಲ್ಲಿ ಕವಲು ಬದಲಿಸಲು ಸ್ವಿಚ್, ಫೈಲು ಮರಳಿಸಲು ರಿಸ್ಟೋರ್ ಎಂದು ಎರಡಾಗಿ ಒಡೆದರು. ಹಳೆಯ ಚೆಕ್‌ಔಟ್ ತೆಗೆಯಲಿಲ್ಲ, ತೆಗೆಯಲಾಗುವುದೂ ಇಲ್ಲ. ಲೋಕದ ಸ್ಕ್ರಿಪ್ಟುಗಳೆಲ್ಲ ಅದರ ಮೇಲೆ ನಿಂತಿವೆ. ಹೊಸ ಎರಡರ ಕೈಪಿಡಿಯಲ್ಲಿ ‘ಇದು ಪ್ರಾಯೋಗಿಕ’ ಎಂಬ ಹಣೆಪಟ್ಟಿ ವರ್ಷಗಟ್ಟಲೆ ಹಾಗೇ ಇತ್ತು.

ಊರ ಕಡೆಯ ಹುಡುಗರು ಕೇಳಿದರೆ ನಾನು ಸ್ವಿಚ್, ರಿಸ್ಟೋರ್ ಎರಡನ್ನೇ ಹೇಳಿಕೊಡುತ್ತೇನೆ. ಶ್ರದ್ಧೆಯಿಂದ ಕಲಿಯುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಪಕ್ಕದ ಸೀನಿಯರ್ ನೋಡಿ, ಇದ್ಯಾವುದಪ್ಪಾ, ಚೆಕ್‌ಔಟ್ ಹೊಡಿ ಎನ್ನುತ್ತಾನೆ, ಹೊಡೆಯುತ್ತಾರೆ.