ಜರಡಿಯ ಕಣ್ಣು

ಹೋದ ವರ್ಷ ರಮಝಾನ್‌ಗೆ ಹತ್ತು ದಿನ ಇರುವಾಗ ನಮ್ಮ ಆಪಾರ ಮನೆಯ ಫ್ರಿಜ್ ಕೆಟ್ಟಿತು. ಆಪಾ ಇರುವುದು ಭದ್ರಾವತಿಯಲ್ಲಿ. ಉರ್ದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದವರು. ಒಡಹುಟ್ಟಿದವರಲ್ಲಿ ಅವರು ಮೊದಲನೆಯವರು, ನಾನು ಕೊನೆಯವಳು. ನನಗೆ ಅಲಿಫ್ ಬೇ ತಿದ್ದಿಸಿದವರೂ ಅವರೇ, ಅಆಇಈ ತಿದ್ದಿಸಿದವರೂ ಅವರೇ. ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಸಹಿ ಹಾಕಿದವರಲ್ಲ.

ಅಂಥ ಆಪಾ ಮೊಬೈಲಿನಲ್ಲಿ ಫ್ರಿಜ್ ಕಂಪನಿಯ ಹೆಸರು ಬರೆದು, ಪಕ್ಕದಲ್ಲಿ 'ಕಸ್ಟಮರ್ ಕೇರ್' ಎಂದು ಸೇರಿಸಿ ಹುಡುಕಿದರು. ಎಲ್ಲಕ್ಕಿಂತ ಮೇಲೆ ಬಂದ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ, ಮಾತಿಗೊಮ್ಮೆ 'ಮೇಡಂ' ಎನ್ನುತ್ತ ಮಾತಾಡಿದನಂತೆ. ದೂರು ದಾಖಲಿಸಲು ಹತ್ತು ರೂಪಾಯಿ ಕಟ್ಟಬೇಕು ಎಂದ. ಅದಕ್ಕೊಂದು ಆಪ್ ಹಾಕಿಕೊಳ್ಳಿ ಎಂದ. ಅದು ಆಪಾರ ಮೊಬೈಲಿನ ಪರದೆಯನ್ನು ಅವನಿಗೆ ಕಾಣುವಂತೆ ಮಾಡುವ ಆಪ್. ಇಪ್ಪತ್ತು ನಿಮಿಷದಲ್ಲಿ 23,000 ರೂಪಾಯಿ ಖಾತೆಯಿಂದ ಹೋಯಿತು. ಮಗಳ ಕಾಲೇಜಿನ ಫೀಸಿಗೆಂದು ಎತ್ತಿಟ್ಟಿದ್ದ ಹಣ.

ಆ ರಾತ್ರಿ ಆಪಾ ಯಾರಿಗೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ನನಗೆ ಫೋನ್ ಮಾಡಿ, "ಊರ ಮಕ್ಕಳಿಗೆಲ್ಲ ಓದಲು ಕಲಿಸಿದವಳು ನಾನು. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ?" ಎಂದರು. ಸೈಬರ್ ವಂಚನೆಗೆಂದೇ ಇರುವ 1930 ನಂಬರಿಗೆ ಆ ಗಳಿಗೆಯಲ್ಲೇ ಕರೆ ಮಾಡಿದ್ದರೆ ಹಣವನ್ನು ದಾರಿಯಲ್ಲಿ ತಡೆಹಿಡಿಯುವ ಅವಕಾಶವಾದರೂ ಇರುತ್ತಿತ್ತು. ಆ ಅವಕಾಶವನ್ನು ನಾಚಿಕೆ ನುಂಗಿತು. ನಾವು ದೂರು ಕೊಟ್ಟೆವು, ದೂರಿನ ಸಂಖ್ಯೆ ಬಂತು. ಹಣ ಇಂದಿಗೂ ಬಂದಿಲ್ಲ.

ಭಾನುವಾರ ಆಪಾರ ಮಗ ಬೆಂಗಳೂರಿನಿಂದ ಬಂದ. ನಾನೂ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋಗಿದ್ದೆ. ಅವನು ಅಮ್ಮಿಯನ್ನು ಒಂದು ಮಾತೂ ಅನ್ನದೆ, ಅದೇ ಪದಗಳನ್ನು ಮತ್ತೆ ಬರೆದು ಹುಡುಕಿ ಮೊಬೈಲನ್ನು ನನ್ನ ಮುಂದೆ ಹಿಡಿದ. "ಖಾಲಾ, ಇಲ್ಲಿ ನೋಡಿ." ಮೇಲಿನ ಸಾಲಿನ ನೆತ್ತಿಯ ಮೇಲೆ ಇರುವೆಯಷ್ಟು ಅಕ್ಷರದಲ್ಲಿ 'ಸ್ಪಾನ್ಸರ್ಡ್' ಎಂದಿತ್ತು. ಅಂದರೆ ಆ ಜಾಗ ಯಾರೋ ದುಡ್ಡು ಕೊಟ್ಟು ಕೊಂಡದ್ದು. ಆಪಾ ಕೊನೆಯ ಸಾಲಿನವರೆಗೆ ಓದುವವರು ನಿಜ, ಆದರೆ ಮೋಸ ಈಗ ಮೊದಲ ಸಾಲಿಗೆ ಬಂದು ಕೂತಿರುತ್ತದೆ.

ಇದು ನಮ್ಮ ಭದ್ರಾವತಿಯ ಕತೆ ಮಾತ್ರವಲ್ಲ. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು: ಹೆಸರಾಂತ ಕಂಪನಿಗಳ ವೇಷದಲ್ಲಿ ಖದೀಮರು ಹುಡುಕಾಟದ ಪುಟಗಳಲ್ಲಿ ಜಾಹೀರಾತು ಕೊಡುತ್ತಿದ್ದಾರೆ, ಹುಡುಕುವಾಗ ಆಡ್ ಬ್ಲಾಕರ್ ಬಳಸಿ ಎಂದು. ಅದಕ್ಕೂ ಮೊದಲು, 2016ರ ಮಾರ್ಚ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಲ್ಲಿ ಕಾಣಿಸಿಕೊಂಡ ಜಾಹೀರಾತುಗಳ ಮೂಲಕವೇ ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ತಂತ್ರಾಂಶವನ್ನು ಹರಡುವ ಪ್ರಯತ್ನ ನಡೆದಿತ್ತು. ಆ ಪತ್ರಿಕೆಗಳ ಸಂಪಾದಕರು ಆ ಜಾಹೀರಾತುಗಳನ್ನು ಕಣ್ಣಿಂದಲೂ ಕಂಡಿರಲಿಕ್ಕಿಲ್ಲ. ಅವು ಮೂರನೆಯವರ ಕಡೆಯಿಂದ, ಪುಟ ತೆರೆದ ಕ್ಷಣದಲ್ಲಿ ಬಂದು ಕೂರುವಂಥವು.

ಹುಡುಗ ಆಪಾರ ಮೊಬೈಲಿಗೂ ಮಗಳ ಲ್ಯಾಪ್‌ಟಾಪಿಗೂ ಫೈರ್‌ಫಾಕ್ಸ್ ಎಂಬ ಬ್ರೌಸರ್ ಹಾಕಿ, ಅದರೊಳಗೆ ಯುಬ್ಲಾಕ್ ಒರಿಜಿನ್ ಎಂಬ ಆಡ್ ಬ್ಲಾಕರ್ ಕೂರಿಸಿದ. "ಕ್ರೋಮ್ ಇದೆಯಲ್ಲ, ಅದರಲ್ಲೇ ಹಾಕು" ಎಂದೆ. ಕ್ರೋಮ್ ತನ್ನ ನಿಯಮ ಬದಲಾಯಿಸಿದ್ದರಿಂದ ಇದು ಅದರಲ್ಲಿ ನಡೆಯದಂತಾಗಿದೆ, 'ಲೈಟ್' ಎಂಬ ಕಡಿಮೆ ಶಕ್ತಿಯದು ಮಾತ್ರ ನಡೆಯುತ್ತದೆ, ಮೊಬೈಲಿನ ಕ್ರೋಮ್‌ನಲ್ಲಂತೂ ಯಾವುದೂ ಇಲ್ಲ ಎಂದ. ಜಾಹೀರಾತಿನಿಂದಲೇ ಬದುಕುವ ಕಂಪನಿಯ ಬ್ರೌಸರು ಅದು. ನನಗೆ ಆಶ್ಚರ್ಯವಾಗಲಿಲ್ಲ.

ಆಮೇಲೆ ಅವನು ಒಂದು ಪುಟ ತೆರೆದು ತೋರಿಸಿದ. ಉದ್ದಕ್ಕೆ ಹೆಸರುಗಳು, ಪ್ರತಿಯೊಂದರ ಮುಂದೆ ಗುರುತು ಹಾಕುವ ಚೌಕ, ಪಕ್ಕದಲ್ಲಿ ಸಾವಿರಗಟ್ಟಲೆ ಅಂಕಿ. ಫಿಲ್ಟರ್ ಲಿಸ್ಟ್‌ಗಳು. ನಾನು ಅಡಿಗೆಮನೆಯ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಆಡ್ ಬ್ಲಾಕರ್ ಎಂಬುದು ಜರಡಿಯ ಚೌಕಟ್ಟು ಅಷ್ಟೆ, ಅದರ ಬಲೆ ಈ ಪಟ್ಟಿಗಳು. ಪಟ್ಟಿ ಇಲ್ಲದಿದ್ದರೆ ಅದು ಏನನ್ನೂ ತಡೆಯದು. ಪಟ್ಟಿ ಎಂದರೆ ಸಾದಾ ಅಕ್ಷರಗಳ ಕಡತ, ಒಂದು ಸಾಲಿಗೆ ಒಂದು ನಿಯಮ. ಎರಡು ನಿಲುಗೆರೆಯಿಂದ ಶುರುವಾದರೆ ಆ ವಿಳಾಸದಿಂದ ಏನನ್ನೂ ತರಬೇಡ ಎಂದು. ನಡುವೆ ಎರಡು ಹ್ಯಾಷ್ ಗುರುತು ಇದ್ದರೆ ಪುಟದ ಆ ತುಂಡನ್ನು ಮರೆಮಾಡು ಎಂದು. ಎರಡು ಅಟ್ ಚಿಹ್ನೆ ಇದ್ದರೆ ಇದನ್ನು ಮಾತ್ರ ಬಿಟ್ಟುಬಿಡು ಎಂದು. ಯಾರು ಬೇಕಾದರೂ ತೆರೆದು ಓದಬಹುದು.

ಇವನ್ನೆಲ್ಲ ಬರೆಯುವವರು ಯಾರು? ಕತೆ ಬರೆಯುವವಳಿಗೆ ಕುತೂಹಲ ಅಲ್ಲಿಗೇ ಹೋಗುತ್ತದೆ. ಎಲ್ಲಕ್ಕೂ ತಳಹದಿಯಾದ ಈಸಿಲಿಸ್ಟ್ ಅನ್ನು 2005ರಲ್ಲಿ ರಿಕ್ ಪೆಟ್ನೆಲ್ ಎಂಬವರು ಆರಂಭಿಸಿದರು. 2009ರಲ್ಲಿ ಅವರು ತೀರಿಕೊಂಡರು. ಪಟ್ಟಿ ನಿಲ್ಲಲಿಲ್ಲ. ಬೇರೆಯವರು ಕೈಗೆತ್ತಿಕೊಂಡರು, ಇಂದಿಗೂ ದಿನದಿನವೂ ಸಾಲು ಸೇರಿಸುತ್ತಾರೆ, ತೆಗೆಯುತ್ತಾರೆ. ಯುಬ್ಲಾಕ್ ಒರಿಜಿನ್ ಮಾಡಿದ ರೇಮಂಡ್ ಹಿಲ್ ದೇಣಿಗೆಯನ್ನೇ ತೆಗೆದುಕೊಳ್ಳುವುದಿಲ್ಲ. ಕೊಡಬೇಕೆನಿಸಿದರೆ ಪಟ್ಟಿಗಳನ್ನು ನೋಡಿಕೊಳ್ಳುವವರನ್ನು ನೆನೆಯಿರಿ ಎನ್ನುತ್ತಾರೆ. ನಮ್ಮ ಬೀದಿಯ ಮಸೀದಿಯಲ್ಲಿ ವುಝೂ ಮಾಡುವ ನಲ್ಲಿಗಳ ವಾಷರ್ ಬದಲಿಸುತ್ತಿದ್ದ ಒಬ್ಬ ಮುದುಕರಿದ್ದರು. ಅವರ ಹೆಸರು ನಮಾಝಿಗೆ ಬರುವ ಅರ್ಧ ಜನರಿಗೆ ಗೊತ್ತಿರಲಿಲ್ಲ. ಆ ಪುಟ ನೋಡುವಾಗ ನನಗೆ ಅವರ ನೆನಪಾಯಿತು.

ಹುಡುಗ ತನಗೆ ಬೇಕಾದಷ್ಟಕ್ಕೆ ಗುರುತು ಹಾಕಿ ಬೆಂಗಳೂರಿಗೆ ಹೋದ. ಇಲ್ಲಿಂದ ಮುಂದಿನ ತಪ್ಪು ನನ್ನದು. ಈದ್ ಮುಗಿದ ವಾರ ಆಪಾರ ಮನೆಗೆ ಹೋದವಳು ಆ ಪುಟವನ್ನು ಮತ್ತೆ ತೆರೆದೆ. ಇಷ್ಟೊಂದು ಚೌಕಗಳು ಖಾಲಿ ಇವೆಯಲ್ಲ! 23,000 ಹೋದ ಮನೆಯಲ್ಲಿ ಇದೆಂಥ ಉದಾಸೀನ? ಕಂಡದ್ದಕ್ಕೆಲ್ಲ ಗುರುತು ಹಾಕಿದೆ. ಕಿರಿಕಿರಿ ತಡೆಯುವ ಪಟ್ಟಿಗಳು, ಸೋಶಿಯಲ್ ಗುಂಡಿಗಳನ್ನು ತೆಗೆಯುವವು, ನನಗೆ ಅರ್ಥವೇ ಆಗದ ಭಾಷೆಗಳಿಗೆ ಸಂಬಂಧಿಸಿದವು. ಸಾಲದೆಂದು, ಯಾರೋ ಒಬ್ಬರು ಲಕ್ಷಗಟ್ಟಲೆ ವಿಳಾಸಗಳನ್ನು ಕಲೆಹಾಕಿದ್ದ ದೊಡ್ಡ ಪಟ್ಟಿಯೊಂದನ್ನೂ ಹೊರಗಿನಿಂದ ತಂದು ಸೇರಿಸಿದೆ. ಆಪಾ ಚಹಾ ತಂದಿಟ್ಟು, "ಈಗ ಎಲ್ಲ ಭದ್ರ ಆಯ್ತಾ?" ಎಂದು ಕೇಳಿದರು. "ಇನ್ನು ಸೊಳ್ಳೆ ಕೂಡ ಒಳಗೆ ಬರಲ್ಲ ಆಪಾ" ಎಂದೆ.

ಕೆಲವು ತಿಂಗಳಾದ ಮೇಲೆ ಹುಡುಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕೂತಳು. ಫೀಸಿನ ಹಣ ಹೋದ ಮೇಲೆ ಆ ಮನೆಗೆ ಅದೊಂದೇ ಆಸರೆ. ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಜೋಡಿಸಿಕೊಂಡಿದ್ದಳು. ಅರ್ಜಿಯ ಕೊನೆಯಲ್ಲಿ ಸೊಟ್ಟ ಅಕ್ಷರಗಳ ಚಿತ್ರ ನೋಡಿ ಬರೆಯಬೇಕಾದ ಜಾಗದಲ್ಲಿ ಚಿತ್ರವೇ ಬರಲಿಲ್ಲ. ಸರ್ವರ್ ಡೌನ್ ಇರಬೇಕು ಎಂದುಕೊಂಡರು. ನಮಗೆ ಸರ್ಕಾರಿ ಜಾಲತಾಣ ಎಂದರೆ ಮೊದಲು ಹೊಳೆಯುವ ಕಾರಣ ಅದೇ ತಾನೆ? ಮೂರು ರಾತ್ರಿ ಪ್ರಯತ್ನಿಸಿದಳು. ಕೊನೆಯ ದಿನ ಸಂಜೆ ಅಳುತ್ತ ನನಗೆ ಫೋನ್ ಮಾಡಿದಳು. ಬ್ರೌಸಿಂಗ್ ಸೆಂಟರಿಗೆ ಓಡು ಎಂದೆ. ಅಲ್ಲಿ ಒಂದೇ ಸಲಕ್ಕೆ ಚಿತ್ರ ಬಂತು, ಅರ್ಜಿ ಹೋಯಿತು. ಅಂಗಡಿಯವನು ಬಾಗಿಲು ಎಳೆಯಲು ಹತ್ತು ನಿಮಿಷವಿತ್ತಂತೆ.

ಸರ್ವರ್ ಸರಿಯಾಗಿಯೇ ಇತ್ತು. ಅಡ್ಡ ನಿಂತದ್ದು ನಾನು ಹೊರಗಿನಿಂದ ತಂದ ಪಟ್ಟಿ. ಹುಡುಗ ಫೋನಿನಲ್ಲೇ ಹೇಳಿಕೊಟ್ಟು 'ಲಾಗರ್' ಎಂಬ ಕಿಟಕಿ ತೆರೆಸಿದಾಗ ಯಾವ ಪಟ್ಟಿಯ ಯಾವ ಸಾಲು ಆ ಚಿತ್ರವನ್ನು ತಡೆಯಿತು ಎಂದು ಬರೆದೇ ಇತ್ತು. ಹಿಟ್ಟಿನ ಜರಡಿಯಲ್ಲಿ ರವೆ ಜರಡಿ ಹಿಡಿದವಳು ನಾನು. ಬೇಕಾದದ್ದೇ ಮೇಲೆ ಉಳಿದು ಕಸದ ಜೊತೆ ಹೋಗುವುದರಲ್ಲಿತ್ತು. ಹೆಂಗಸಾಗಿ ನಲವತ್ತು ದಾಟಿದರೂ ಇದು ಹೊಳೆಯಲಿಲ್ಲವಲ್ಲ ಎಂದು ನನಗೇ ನಗು ಬಂತು, ನಗು ಬಂದದ್ದು ಅರ್ಜಿ ಹೋದ ಮೇಲೆ.

ಆಮೇಲೆ ಒಂದು ರಜೆಯ ದಿನ ಕೂತು ಒಂದೊಂದೇ ಗುರುತು ತೆಗೆದೆ. ಉಳಿಸಿದ್ದು ಕೆಲವೇ. ಈಸಿಲಿಸ್ಟ್ ಜಾಹೀರಾತಿಗೆ. ಈಸಿಪ್ರೈವೆಸಿ ನಮ್ಮ ಬೆನ್ನು ಹತ್ತಿ ಬರುವ ಟ್ರ್ಯಾಕರ್‌ಗಳಿಗೆ. ಯುಬ್ಲಾಕ್‌ನವರದೇ ಪಟ್ಟಿಗಳು, ಅವುಗಳಲ್ಲಿ ಒಂದು ಪುಟಗಳು ಕೆಟ್ಟುಹೋಗದಂತೆ ಸರಿಪಡಿಸುವುದಕ್ಕೆಂದೇ ಇದೆ. ತಡೆಯುವವರಿಗೆ ತಮ್ಮ ತಪ್ಪಿಗೂ ಒಂದು ಪಟ್ಟಿ ಇಟ್ಟುಕೊಳ್ಳುವಷ್ಟು ವಿನಯವಿದೆ ಎಂಬುದು ನನಗೆ ಹಿಡಿಸಿತು. ಅಪಾಯಕಾರಿ ವಿಳಾಸಗಳ ಒಂದು ಪಟ್ಟಿ, ಪೀಟರ್ ಲೋ ಅವರ ಒಂದು ಪುಟ್ಟ ಪಟ್ಟಿ. ಇವಿಷ್ಟೂ ಹಾಕಿದ ಕೂಡಲೇ ತಾವಾಗಿಯೇ ಬರುವಂಥವು. ನಾನು ಕೈಯಾರೆ ಸೇರಿಸಿದ್ದು ಒಂದೇ, ಇಂಡಿಯನ್‌ಲಿಸ್ಟ್. ಕನ್ನಡವೂ ಸೇರಿ ನಮ್ಮ ಹಲವು ಭಾಷೆಗಳ ತಾಣಗಳಿಗೆಂದು ಇರುವುದು. ಬ್ರೌಸರಿನ ಭಾಷೆ ನೋಡಿ ಪ್ರಾದೇಶಿಕ ಪಟ್ಟಿ ತಾನೇ ಆರಿಸಿಕೊಳ್ಳುತ್ತದಂತೆ. ಆಪಾರ ಮನೆಯ ಬ್ರೌಸರ್ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಅದಕ್ಕೆ ನಾವು ಇಂಗ್ಲಿಷರಾಗಿ ಕಂಡಿದ್ದೆವು.

ಪಟ್ಟಿ ಆರಿಸುವುದೆಂದರೆ ನಮ್ಮ ಕಣ್ಣಿಗೆ ಏನು ಬೀಳಬಾರದು ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರ ಕೈಗೋ ಕೊಡುವುದು. ಹಾಗಾಗಿ ಈಗ ಎರಡು ವಿಷಯ ನೋಡುತ್ತೇನೆ. ಪಟ್ಟಿಯನ್ನು ಯಾರು ನೋಡಿಕೊಳ್ಳುತ್ತಾರೆ, ತಪ್ಪಾದರೆ ಹೇಳಲು ಬಾಗಿಲಿದೆಯೇ. ಕೊನೆಯ ಸಲ ಯಾವಾಗ ತಿದ್ದಿದ್ದಾರೆ. ಮೋಸದ ವಿಳಾಸಗಳು ಹುಟ್ಟಿ ಸಾಯುವುದು ಗಂಟೆಗಳ ಲೆಕ್ಕದಲ್ಲಿ, ಹಳಸಿದ ಪಟ್ಟಿಯಿಂದ ಪ್ರಯೋಜನವಿಲ್ಲ. ಪಟ್ಟಿಯ ಉದ್ದಕ್ಕೆ ಮರುಳಾಗುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ಮುಜುಗರ ಉಳಿದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಕತೆಗಳು ಅಚ್ಚಾಗುವುದು ಸಣ್ಣ ಪತ್ರಿಕೆಗಳಲ್ಲಿ, ಈಚೆಗೆ ಕೆಲವು ಕನ್ನಡ ಜಾಲತಾಣಗಳಲ್ಲಿ. ಅವುಗಳಿಗೆ ಜಾಹೀರಾತೇ ಅನ್ನ. ಮಾಸಿಕಗಳ ಹಿಂಬದಿಯ ರಕ್ಷಾಪುಟದಲ್ಲಿ ಅತ್ತರಿನ ಅಂಗಡಿ, ಬಟ್ಟೆಯಂಗಡಿ, ಹಜ್ ಉಮ್ರಾ ಟ್ರಾವೆಲ್ಸ್‌ನವರ ಜಾಹೀರಾತು ನೋಡುತ್ತ ಬೆಳೆದವಳು ನಾನು. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಅತ್ತರಿನ ಜಾಹೀರಾತು ನಾನು ಓದುವಾಗ ನನ್ನನ್ನು ಓದುತ್ತಿರಲಿಲ್ಲ. ಪತ್ರಿಕೆ ಮಡಿಸಿಟ್ಟ ಮೇಲೆ ಅಡಿಗೆಮನೆಗೆ ಹಿಂಬಾಲಿಸಿ ಬರುತ್ತಿರಲಿಲ್ಲ. ಸಂಪಾದಕರಿಗೆ ಆ ಅಂಗಡಿಯವರ ಮುಖ ಗೊತ್ತಿತ್ತು. 2011ರಲ್ಲಿ ಆಡ್‌ಬ್ಲಾಕ್ ಪ್ಲಸ್‌ನವರು 'ಒಪ್ಪಬಹುದಾದ ಜಾಹೀರಾತು'ಗಳನ್ನು ಬಿಡುವ ವ್ಯವಸ್ಥೆ ತಂದರು. ಸಭ್ಯವಾಗಿ ಕಾಣುವ ಜಾಹೀರಾತಿಗೆ ದಾರಿ, ಆದರೆ ದೊಡ್ಡ ಕಂಪನಿಗಳು ಅದಕ್ಕೆ ಹಣ ಕೊಡಬೇಕು. ಕಾವಲುಗಾರನೇ ಬಾಗಿಲಲ್ಲಿ ಸುಂಕ ವಸೂಲಿಗೆ ಕೂತಂತೆ ನನಗೆ ಕಂಡಿತು. ನನ್ನ ದಾರಿ ಇಷ್ಟೇ: ನಾನು ಬಲ್ಲ ಎರಡು ಕನ್ನಡ ತಾಣಗಳಿಗೆ ಬ್ಲಾಕರನ್ನು ಆರಿಸಿಟ್ಟಿದ್ದೇನೆ. ಇನ್ನೊಂದಕ್ಕೆ ಚಂದಾ ಕಳಿಸುತ್ತೇನೆ. ಇದರಿಂದ ಲೆಕ್ಕ ಸರಿಹೋಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಬ್ರೌಸರಿನ ಜರಡಿ ಬ್ರೌಸರಿಗೆ ಮಾತ್ರ. ಇದು ನನಗೆ ಗೊತ್ತಾದದ್ದು ಆಪಾರ ಮೊಬೈಲಿನ ನಮಾಝ್ ಸಮಯದ ಆಪ್ ನೋಡಿ. ಮುಸ್ಲಿಂ ಪ್ರೋ ಎಂಬ ಹೆಸರುವಾಸಿ ಆಪ್, ಬಳಕೆದಾರರು ಎಲ್ಲೆಲ್ಲಿದ್ದಾರೆಂಬ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಕಂಪನಿಗೆ ಕಳಿಸುತ್ತಿತ್ತೆಂದೂ, ಆ ಕಂಪನಿ ಗುತ್ತಿಗೆದಾರರ ಮೂಲಕ ಅಮೆರಿಕದ ಸೇನೆಗೆ ಮಾಹಿತಿ ಮಾರುತ್ತಿತ್ತೆಂದೂ ಮದರ್‌ಬೋರ್ಡ್ ಪತ್ರಿಕೆ 2020ರ ನವೆಂಬರ್‌ನಲ್ಲಿ ವರದಿ ಮಾಡಿತ್ತು. ಗಲಾಟೆಯಾದ ಮೇಲೆ ಆಪ್‌ನವರು ಆ ಸಂಬಂಧ ಕಡಿದುಕೊಂಡೆವೆಂದರು. ಕಿಬ್ಲಾ ಯಾವ ಕಡೆ ಎಂದು ಕೇಳಿದವರು ಎಲ್ಲಿ ನಿಂತು ಕೇಳಿದರು ಎಂಬುದು ಮಾರಾಟದ ಸರಕಾಗಿತ್ತು. ಆಪಾ ಬಳಸುತ್ತಿದ್ದುದು ಬೇರೆ ಆಪ್. ಆದರೂ ಈ ಕತೆ ಕೇಳಿ ಲೊಕೇಶನ್ ಆರಿಸಿಬಿಟ್ಟರು. ಗೋಡೆಯ ಮೇಲೆ ಮಸೀದಿಯವರು ಕೊಟ್ಟ ವೇಳಾಪಟ್ಟಿಯ ಕ್ಯಾಲೆಂಡರ್ ಹೇಗೂ ಇದೆ.

ಮೊನ್ನೆ ಹೋದಾಗ ಆಪಾ ಮೊಬೈಲು ಹಿಡಿದು ಬಂದು ಪಕ್ಕದಲ್ಲಿ ಕೂತರು. "ಈಗ ಹುಡುಕಿದರೆ ಆ ಥರದ ನಂಬರು ಮೇಲೆ ಬರಲ್ಲ ಅಲ್ವಾ?"

"ದುಡ್ಡು ಕೊಟ್ಟು ಮೇಲೆ ಕೂರಿಸಿದ್ದು ಬರೋದು ಬಹಳ ಕಡಿಮೆ ಆಪಾ. ಆದರೆ ಕೆಳಗೆ ಇರೋದೆಲ್ಲ ಅಸಲಿ ಅಂತ ಹೇಳೋಕಾಗಲ್ಲ. ಅವರೇ ಫೋನ್ ಮಾಡಿದರೆ ಇದು ತಡೆಯೋದೂ ಇಲ್ಲ."

ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಫ್ರಿಜ್ಜಿನ ವಾರಂಟಿ ಕಾರ್ಡ್ ತಂದರು. ಅದರಲ್ಲಿದ್ದ ಕಂಪನಿಯ ನಂಬರನ್ನು ಶಾಲೆಯ ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡ ಅಂಕಿಗಳಲ್ಲಿ ಬಿಳಿ ಕಾಗದದ ಮೇಲೆ ಬರೆದರು. ಕೆಳಗೆ ಗ್ಯಾಸಿನವರದು, ಬ್ಯಾಂಕಿನದು, ಅದರ ಕೆಳಗೆ 1930. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಕನ್ನಡಕ ತೆಗೆದು, ಬರಿಗಣ್ಣಿಗೆ ಕಾಣುತ್ತದೆಯೇ ಎಂದು ನೋಡಿದರು.